ಹಪ್ಪಳ ಕಾದ ಕತ್ತಿಹಲ್ಲಿನ ಬೆಕ್ಕು

ಕೊರಿಯರ್ ಹುಡುಗ ಅಂಗಳದಲ್ಲೇ ನಿಂತ. "ಭಟ್ರೇ, ಮೇಲೆ ಸ್ಕಲ್ ಅಂತ ಬರ್ದದ್ಯಲ್ರಾ. ಯಾರದ್ದು?"

"ಸತ್ತು 10,000 ವರ್ಷಕ್ಕೂ ಮೇಲಾಯ್ತು ಮಾರಾಯಾ" ಅಂದೆ. ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಬೈಕ್ ಹತ್ತಿದ.

ಅದು ಸ್ಮಿಲೋಡಾನ್ ಅಂದರೆ ಯಾವತ್ತೋ ಅಳಿದುಹೋದ ಕತ್ತಿಹಲ್ಲಿನ ಬೆಕ್ಕಿನ ಬುರುಡೆಯ ಪಡಿಯಚ್ಚು. ಅಸಲಿ ಮೂಳೆಗೆ ಸಿಲಿಕೋನ್ ಬಳಿದು ಅಚ್ಚು ತೆಗೆದು, ಅದರೊಳಗೆ ರೆಸಿನ್ ಸುರಿದು, ಬಣ್ಣ ಹಚ್ಚುತ್ತಾರೆ. ಮ್ಯೂಸಿಯಮ್ಮಿನಲ್ಲಿ ಇಡುವಷ್ಟು ನಾಜೂಕು ಕೆಲಸ. ದವಡೆಯ ಅಡಿಗೆ ಬೆರಳಾಡಿಸಿದರೆ ಮಾತ್ರ ಅಚ್ಚಿನ ಸಣ್ಣ ಗೆರೆ ಸಿಗುತ್ತದೆ. ಲಾಸ್ ಏಂಜಲೀಸ್‌ನ ಲಾ ಬ್ರೆಯಾ ಡಾಂಬರು ಹೊಂಡಗಳಲ್ಲಿ 2,000ಕ್ಕೂ ಹೆಚ್ಚು ಸ್ಮಿಲೋಡಾನ್‌ಗಳ ಮೂಳೆ ಸಿಕ್ಕಿವೆ. ಡಾಂಬರು ಕುಡಿದು ಕುಡಿದು ಆ ಮೂಳೆಗಳಿಗೆ ಥೇಟ್ ನಮ್ಮ ಅಡಿಕೆ ಚೊಗರಿನ ಬಣ್ಣ. ಶಿರಸಿಯವನಿಗೆ ಇಷ್ಟವಾಗದೇ ಇರುತ್ತದಾ?

ಆಯಿಗೆ ಆಗಲಿಲ್ಲ. "ತಮಾ, ಮನೆ ಒಳಗೆ ತರಡ!"

ಪ್ಲಾಸ್ಟಿಕ್ ಅಂತ ಆಣೆ ಮಾಡಿದೆ. ಬೆಲೆಯಲ್ಲಿ ಒಂದು ಸೊನ್ನೆ ಕಮ್ಮಿ ಮಾಡಿ ಹೇಳಿದೆ. ಅಷ್ಟೂ ಜಾಸ್ತಿಯೇ ಆಯ್ತು ಅನ್ನಿಸಿರಬೇಕು, ಬುರುಡೆ ಕಟ್ಟಿಗೆ ಕೊಟ್ಟಿಗೆ ಸೇರಿತು.

ಆಗ ಹಲಸಿನಕಾಯಿ ಹಪ್ಪಳದ ಕಾಲ. ಅಂಗಳದ ಚಾಪೆಯ ಮೇಲೆ ಹಪ್ಪಳ, ಮಾಡಿನ ಮೇಲೆ ಮಂಗಗಳು. ಅಪ್ಪಯ್ಯ ಕವಣೆ ಹಿಡಿದು ಸುಸ್ತಾಗಿದ್ದ. ನನಗೊಂದು ಉಪಾಯ ಹೊಳೆಯಿತು. ಬುರುಡೆಯನ್ನು ಗೂಟಕ್ಕೆ ಸಿಕ್ಕಿಸಿ ಚಾಪೆಯ ಪಕ್ಕ ನಿಲ್ಲಿಸಿದೆ. ಸುಮಾರು 18 ಸೆಂ.ಮೀ. ಉದ್ದದ ಎರಡು ಕೋರೆಹಲ್ಲು, ಕುಡುಗೋಲಿನ ಹಾಗೆ ಬಾಗಿ, ಅಂಚಿಗೆ ಸಣ್ಣ ಗರಗಸ ಬೇರೆ. ಇದಕ್ಕಿಂತ ಒಳ್ಳೆಯ ಬೆರ್ಚಪ್ಪ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ ಅಂತ ಊಟಕ್ಕೆ ಕೂತೆ.

ಒಂದು ಸಂಗತಿ ಮರೆತಿದ್ದೆ. ಸ್ಮಿಲೋಡಾನ್ ಇದ್ದದ್ದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮೂರ ಮಂಗನ ಅಜ್ಜ ಮುತ್ತಜ್ಜ ಯಾರೂ ಅದನ್ನು ಕಂಡವರಲ್ಲ. ಹೆದರು ಅಂದರೆ ಯಾಕೆ ಹೆದರುತ್ತದೆ?

ಮಜ್ಜಿಗೆಗೆ ಬರುವಷ್ಟರಲ್ಲಿ ಹೊರಗೆ ಧಡ್ ಅಂತ ಸದ್ದು. ಓಡಿ ಬಂದೆ. ದೊಡ್ಡ ಗಡವ ಒಂದು ಬುರುಡೆಯ ನೆತ್ತಿಯನ್ನೇ ಮಣೆ ಮಾಡಿಕೊಂಡು ಕೂರಲು ಹೋಗಿ, ಗೂಟ ಸಮೇತ ಉರುಳಿಸಿತ್ತು. ಎಡಗಡೆಯ ಹಲ್ಲು ಬುಡದಲ್ಲೇ ಮುರಿದಿತ್ತು. ನಾನು ಕೈ ಹಾಕುವ ಮೊದಲೇ ಅದನ್ನೆತ್ತಿಕೊಂಡು ಮರ ಹತ್ತಿತು. ಒಮ್ಮೆ ಕಚ್ಚಿತು. ಮೂಸಿತು. ಕೊಂಬೆಗಳ ಸಂದಿಯಲ್ಲಿ ಸಿಕ್ಕಿಸಿ, ಹಪ್ಪಳಕ್ಕೆಂದು ವಾಪಸು ಇಳಿಯಿತು.

"ಎಷ್ಟು ಹೋತು?" ಅಂದಳು ಆಯಿ. ಹಲ್ಲಿನ ಬಗ್ಗೆ ಅಲ್ಲ.

ಈಗ ಬುರುಡೆ ಜಗುಲಿಯ ಮೂಲೆಯಲ್ಲಿದೆ. ಅಂಗಹೀನ ಆದ ಮೇಲೆ ಆಯಿಗೂ ಅದರ ಮೇಲೆ ಸ್ವಲ್ಪ ಕನಿಕರ ಬಂದಿದೆ. ಬಂದ ನೆಂಟರು ಇನ್ನೊಂದು ಹಲ್ಲು ಎಲ್ಲಿ ಅಂತ ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, ಲಾ ಬ್ರೆಯಾದ ಪ್ರಾಣಿಗಳೂ ಬೇಟೆಯಲ್ಲಿ ಹಲ್ಲು ಮುರಿದುಕೊಳ್ಳುತ್ತಿದ್ದವು, ಅಂಥ ಮೂಳೆಗಳು ಬೇಕಾದಷ್ಟು ಸಿಕ್ಕಿವೆ ಅಂತ ಶುರು ಮಾಡುತ್ತೇನೆ.

ಅಡುಗೆಮನೆಯಿಂದ ಆಯಿಯ ದನಿ ಬರುತ್ತದೆ. "ಮಂಗ ತಗಂಡು ಹೋತು."