ಸತ್ಯಾಂಶ: ಸೀತಾಳೆ ದಂಡೆ ಮರದ ರಸ ಹೀರುವುದಿಲ್ಲ

'ಸೀತಾಳೆ ದಂಡೆಯೂ ಬಂದಳಿಕೆಯೇ, ಮರವನ್ನು ಕೊಲ್ಲುತ್ತದೆ, ಕಿತ್ತು ಹಾಕಿ' ಎಂಬ ಮೆಸೇಜ್ ಫಾರ್ವರ್ಡ್ ಆಗುತ್ತಿದೆ. ಇದು ನಿಜವಲ್ಲ.

ಬಂದಳಿಕೆ ಕೊಂಬೆಯೊಳಗೇ ಬೇರಿಳಿಸಿ ನೀರು ಹೀರುತ್ತದೆ. ಸೀತಾಳೆ ಒಂದು ಆರ್ಕಿಡ್. ಅದರ ಬೇರು ತೊಗಟೆಯ ಮೇಲೆ ಸುಮ್ನೆ ಅಂಟಿಕೊಂಡಿರುತ್ತದೆ, ಅಷ್ಟೆ. ಹತ್ತಿರದಿಂದ ನೋಡಿ: ಒಣಗಿದಾಗ ಬೇರು ಬೂದುಬಿಳಿ, ನೀರು ಬಿದ್ದರೆ ಹಸಿರು. ಹೊರಗಿನ ಸ್ಪಂಜಿನಂಥ ಪದರ ಮಳೆ, ಮಂಜಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಗಿಡ ಎಲ್ಲಿ ಬೆಳೆದಿದೆ ಅನ್ನುವುದಕ್ಕಿಂತ ಹೂವಿನ ರಚನೆಯೇ ಸಸ್ಯಶಾಸ್ತ್ರಜ್ಞರಿಗೆ ಮುಖ್ಯ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಸೀತಾಳೆಯನ್ನು ಎಪಿಡೆಂಡ್ರಮ್ ('ಮರದ ಮೇಲಿನದು' ಎಂಬರ್ಥ) ಕುಲಕ್ಕೆ ಸೇರಿಸಿದ್ದರು. 1825ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಬ್ಲೂಮೆ ಅದನ್ನು ರಿಂಕೋಸ್ಟೈಲಿಸ್ ಎಂಬ ಹೊಸ ಕುಲಕ್ಕೆ ತಂದರು. ಬಂದಳಿಕೆ ಇದಕ್ಕೆ ದೂರದ ನೆಂಟನೂ ಅಲ್ಲ. ಅದು ಶ್ರೀಗಂಧದ ಗಣಕ್ಕೆ ಸೇರಿದ್ದು!

ತೋಟದ ಮರದಲ್ಲಿ ಸೀತಾಳೆ ಕಂಡರೆ ದಯವಿಟ್ಟು ಹಾಗೇ ಬಿಡಿ.