ಪರ-ವಿರೋಧ: ಲಾನ್ ಹುಲ್ಲು ಹೊಡೆಯಲು ರೋಬಾಟ್ ಬರಲಿ ಎನ್ನೋಣವೇ?

ಪರ: ಬರಲಿ, ತಡವಾಯಿತು
(ಬರೆದವರು ತೀರ್ಥಹಳ್ಳಿ ಕಡೆಯ ಲಾನ್ ನಿರ್ವಹಣೆ ಗುತ್ತಿಗೆದಾರರು)

ಈ ಪ್ರಶ್ನೆ ಕೇಳುವವರು ಯಾರೂ ವೀಡ್ ಕಟರ್ ಹೆಗಲಿಗೆ ಹಾಕಿಕೊಂಡವರಲ್ಲ. ಹಾಕಿಕೊಂಡಿದ್ದರೆ ಕೇಳುತ್ತಿರಲಿಲ್ಲ. ರೆಸಾರ್ಟು, ಹೋಮ್‌ಸ್ಟೇಗಳ ಲಾನ್ ನೋಡಿಕೊಳ್ಳುವ ಗುತ್ತಿಗೆ ನನ್ನದು. ಅದಕ್ಕೂ ಮೊದಲು ನಾನೂ ದಿನಗೂಲಿಗೆ ಹುಲ್ಲು ಹೊಡೆದವನೇ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಗ್ಗ ಎಳೆದರೆ ಕಿವಿ ಪಕ್ಕದಲ್ಲೇ ಇಂಜಿನ್ನು. ಹಿಡಿಕೆಯ ನಡುಕ ಮೊಣಕೈವರೆಗೆ ಏರುತ್ತದೆ. ಸಂಜೆ ಲೋಟ ಹಿಡಿದರೆ ಕಾಫಿ ತುಳುಕುತ್ತದೆ, ಸಹಿ ಹಾಕಲು ಹೋದರೆ ಪೆನ್ನು ಕುಣಿಯುತ್ತದೆ. ನೈಲಾನ್ ದಾರಕ್ಕೆ ಸಿಕ್ಕ ಜಲ್ಲಿಕಲ್ಲು ಬಂದು ಮೊಣಕಾಲ ಚಿಪ್ಪಿಗೆ ಬಡಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇನ್‌ಕೋಟ್ ಒಳಗೆ ಬೆವರು, ಗಂಬೂಟಿನ ಒಳಗೆ ರಕ್ತ ಹೀರುವ ಉಂಬಳ. ಇಂಥ ಕೆಲಸ ಉಳಿಸಿಕೊಳ್ಳಬೇಕು ಎಂದು ಭಾಷಣ ಮಾಡುವವರು ದಯವಿಟ್ಟು ಜುಲೈನಲ್ಲಿ ಬನ್ನಿ. ಯಂತ್ರ ನಾನೇ ಕೊಡುತ್ತೇನೆ.

ರೋಬಾಟ್ ಎಂದರೆ ನಿನ್ನೆ ಮೊನ್ನೆಯ ಆಟಿಕೆ ಅಂದುಕೊಂಡಿದ್ದಾರೆ. ಸ್ವೀಡನ್ನಿನ ಹುಸ್ಕ್ವಾರ್ನಾ ಕಂಪನಿ ಬಿಸಿಲಿನಿಂದ ಓಡುವ ಮಾದರಿಯನ್ನು 1995ರಲ್ಲೇ ಹೊರತಂದಿತ್ತು. ಆಮೇಲೆ ಲಾನಿನ ಸುತ್ತ ನೆಲದಲ್ಲಿ ತಂತಿ ಹೂತು ಗಡಿ ತೋರಿಸುವ ಕಾಲ ಬಂತು. ಈಗ ದೊಡ್ಡ ಮೈದಾನಗಳ ಯಂತ್ರಗಳಿಗೆ ತಂತಿಯೂ ಬೇಡ. ಉಪಗ್ರಹದ ಸಂಕೇತವನ್ನು ಅಲ್ಲೇ ನಿಲ್ಲಿಸಿದ ಒಂದು ಸಣ್ಣ ಕೇಂದ್ರ ತಿದ್ದಿಕೊಡುತ್ತದೆ, ಯಂತ್ರ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ದಾರಿ ತಪ್ಪದೆ ಓಡುತ್ತದೆ. ಚಾರ್ಜ್ ಇಳಿದರೆ ತಾನೇ ಹೋಗಿ ನಿಲ್ಲುತ್ತದೆ. ಎತ್ತಿದರೆ ಬ್ಲೇಡ್ ಬಂದ್. ಮುಖ್ಯ ವಿಷಯ, ಅದು ನಮ್ಮ ಹಾಗೆ ಮೊಣಕಾಲುದ್ದ ಬೆಳೆಸಿ ಹೊಡೆಯುವುದಿಲ್ಲ. ದಿನಾ ಓಡಾಡಿ ತುದಿ ತುದಿ ಚಿವುಟುತ್ತದೆ. ಚೂರು ಅಲ್ಲೇ ಬಿದ್ದು ಕೊಳೆತು ಗೊಬ್ಬರ. ನಮ್ಮ ಮಳೆಗಾಲದಲ್ಲಿ ಒಂದು ಮೂಲೆ ಮುಗಿಸಿ ತಿರುಗುವಷ್ಟರಲ್ಲಿ ಇನ್ನೊಂದು ಮೂಲೆ ಎದ್ದಿರುತ್ತದಲ್ಲ, ಆ ಪಾಡು ತಪ್ಪುವುದು ಹೀಗೆ ಮಾತ್ರ.

ಆಗುಂಬೆ ಮಳೆಗೆ ರೋಬಾಟ್ ತೇಲಿ ಹೋಗುತ್ತದೆ ಎಂದು ನಗುವವರಿದ್ದಾರೆ. ವರ್ಷಕ್ಕೆ 7000 ಮಿ.ಮೀ. ಸುರಿಯುವ ಊರಲ್ಲಿ ಆಷಾಢದಲ್ಲಿ ಮನುಷ್ಯರೇನು ಹುಲ್ಲು ಹೊಡೆಯುತ್ತಾ ನಿಂತಿರುತ್ತಾರಾ?

ಇನ್ನು ಕೂಲಿಯವರ ಮಾತು. ಕೆಲಸ ಹೋಗುತ್ತದೆ ಅನ್ನುತ್ತಾರೆ. ಆಳು ಎಲ್ಲಿದ್ದಾರೆ ಸ್ವಾಮಿ? ಮಳೆ ಬಿಟ್ಟು ಹೊಳವಾದ ದಿನವೇ ಲಾನೂ ಹೊಡೆಯಬೇಕು, ಅದೇ ದಿನ ಅಡಿಕೆ ತೋಟದವರಿಗೆ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ತೋಟದವರು ಹೆಚ್ಚು ಕೊಡುತ್ತಾರೆ, ಹುಡುಗರು ಅಲ್ಲಿಗೆ ಹೋಗುತ್ತಾರೆ, ನಾನು ಮಾಲೀಕರ ಫೋನ್ ತೆಗೆಯದೆ ಕೂರುತ್ತೇನೆ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲಂತೂ ಕೇಳುವುದೇ ಬೇಡ.

ನಮ್ಮ ಚಿಕ್ಕಪ್ಪ ಕೊನೆ ತೆಗೆಯುತ್ತಿದ್ದವರು. ಮಳೆಯಲ್ಲಿ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದರು, ಸೊಂಟ ಹೋಯಿತು, ಆಮೇಲೆ ಜಗಲಿ ಬಿಟ್ಟು ಏಳಲಿಲ್ಲ. ನೆಲದಿಂದಲೇ ಕೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ಕೋಲು, ಅಂದರೆ ದೋಟಿ, ಬಂದಾಗ ಮರ ಹತ್ತುವವರ ಹೊಟ್ಟೆ ಮೇಲೆ ಹೊಡೆದ ಹಾಗಾಯಿತು ಎಂದು ಊರಲ್ಲಿ ಗೊಣಗಿದವರುಂಟು. ಚಿಕ್ಕಪ್ಪ ಮಾತ್ರ ಗೊಣಗಲಿಲ್ಲ. ದೋಟಿಯನ್ನು ತರಿಸಿ, ಕೂತಲ್ಲಿಂದಲೇ ಕೈಯಲ್ಲಿ ಹಿಡಿದು, ಎಷ್ಟು ಹಗುರ ಇದೆ ಮಾರಾಯ ಅಂದರು. ಈಗ ನೆಲದ ಮೇಲೆ ನಿಂತೇ ಕೊನೆ ಇಳಿಸುವ ಹುಡುಗರಿಗೆ ಸೀಸನ್ನಿನಲ್ಲಿ ಬೇಡಿಕೆಯೋ ಬೇಡಿಕೆ. ರೋಬಾಟ್ ಬಂದರೂ ಅಷ್ಟೇ. ಅಂಚು ಕತ್ತರಿಸುವುದು, ಮರದ ಬುಡ ಬಿಡಿಸುವುದು, ನಾಚಿಕೆ ಮುಳ್ಳು ಕೀಳುವುದು, ಬ್ಲೇಡ್ ಬದಲಿಸುವುದು ಎಲ್ಲ ಮನುಷ್ಯರದೇ. ನಿನ್ನ ಹುಡುಗರೆಲ್ಲರಿಗೂ ಆ ಕೆಲಸ ಸಿಗುತ್ತದಾ ಎಂದು ಕೇಳಬೇಡಿ. ಈಗ ಎಲ್ಲರಿಗೂ ವರ್ಷವಿಡೀ ಸಿಗುತ್ತಿದೆಯಾ?

ವಿರೋಧ: ಸದ್ಯಕ್ಕೆ ಬೇಡ
(ಬರೆದವರು ಶಿವಮೊಗ್ಗದ ಕಾಲೇಜು ಉಪನ್ಯಾಸಕಿ)

ವಿರೋಧಿಸಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಹೇಳಬೇಕಾದ ಕಾರಣಗಳನ್ನು ಮೊದಲು ಹೇಳಿಬಿಡುತ್ತೇನೆ: ದಟ್ಟ ಮರದಡಿ ಉಪಗ್ರಹದ ಸಂಕೇತ ಸೊರಗುತ್ತದೆ, ಮಲೆನಾಡಿನಲ್ಲಿ ಮರವಿಲ್ಲದ ಜಾಗ ಕಡಿಮೆ. ಹಸಿ ನೆಲದಲ್ಲಿ ಚಕ್ರ ಹೂತು ಗೀರು ಬೀಳುತ್ತದೆ. ಯುರೋಪಿನಲ್ಲಿ ರಾತ್ರಿ ಓಡುವ ಈ ಯಂತ್ರಗಳಿಗೆ ಸಿಕ್ಕಿ ಹೆಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿಗಳು ಗಾಯಗೊಳ್ಳುತ್ತಿವೆ. ನಮ್ಮಲ್ಲಿ ಮಳೆಗಾಲದ ರಾತ್ರಿ ಹುಲ್ಲಿನ ತುಂಬ ಕಪ್ಪೆ. ಇಳಿಜಾರಿಗೆ ತಕ್ಕ ಯಂತ್ರ ಕೊಳ್ಳುವ ಬದಲು ಇಳಿಜಾರನ್ನೇ ಜೆಸಿಬಿ ತರಿಸಿ ಮಟ್ಟ ಮಾಡಿಸುವ ಮಾಲೀಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ನನಗೆ ನಿಜವಾಗಿ ಹೇಳಬೇಕೆನಿಸುವುದು ಅಡಿಕೆ ಸುಲಿಯುವ ಹೆಂಗಸರ ಬಗ್ಗೆ. ನಮ್ಮ ಅಜ್ಜಿ ಮನೆ ಸಾಗರದ ಹತ್ತಿರ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದ ಬಲ್ಬಿನಡಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಬೆರಳ ತುಂಬ ಕಂದು ಚೊಗರು, ಬಾಯಿ ತುಂಬ ಊರ ಸುದ್ದಿ. ಸುಲಿದಷ್ಟಕ್ಕೆ ಲೆಕ್ಕ, ದುಡ್ಡು ನೇರ ಅವರ ಕೈಗೆ. ಗಂಡನನ್ನು ಕೇಳದೆ ಮಗಳಿಗೆ ಓಲೆ ಮಾಡಿಸಿದವರು ಅವರಲ್ಲಿದ್ದರು. ಸುಲಿಯುವ ಯಂತ್ರ ಬಂತು. ಕತ್ತಿ ಹೋದದ್ದಕ್ಕೆ ಯಾರೂ ಅಳಲಿಲ್ಲ, ಕೈ ಕೊಯ್ದುಕೊಳ್ಳುವುದು ಯಾರಿಗೆ ಬೇಕು? ಆದರೆ ಆ ಯಂತ್ರ ನಡೆಸಲು ಬಂದವರು ಗಂಡಸರು, ದುಡ್ಡೂ ಅವರಿಗೇ ಹೋಯಿತು. ದೋಟಿಯ ಕಥೆ ಹೇಳುವವರು ಈ ಕಥೆ ಹೇಳುವುದಿಲ್ಲ.

ಇಲ್ಲಿ ಕ್ಯಾಂಪಸ್ಸಿನಲ್ಲಿ, ಪಾರ್ಕಿನಲ್ಲಿ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಸರಿಯುವವರು ಬಹುಪಾಲು ಹೆಂಗಸರೇ. ಸಂಜೆ ಹೋಗುವಾಗ ಕತ್ತರಿಸಿದ ಹುಲ್ಲನ್ನು ಹಳೇ ಸೀರೆಯಲ್ಲಿ ಹೊರೆ ಕಟ್ಟಿ ತಲೆ ಮೇಲೆ ಹೊತ್ತು ಹೋಗುತ್ತಾರೆ, ಮನೆಯ ಹಸುವಿಗೆ. ಕೂಲಿಯ ಜೊತೆ ಅದೂ ಒಂದು ಸಂಬಳ. ರೋಬಾಟ್ ಚಿವುಟಿ ನೆಲಕ್ಕೆ ಬೀಳಿಸುವ ಚೂರಿನಿಂದ ಹೊರೆ ಕಟ್ಟಲು ಬರುವುದಿಲ್ಲ. ಗೊಬ್ಬರವಾಗುತ್ತದೆ ಎಂದು ಗುತ್ತಿಗೆದಾರರು ಸಂಭ್ರಮ ಪಡುತ್ತಾರಂತೆ. ಆ ಗೊಬ್ಬರ ರೆಸಾರ್ಟಿನದು.

ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣದಂಥ ಕಡೆ ತಂದರೆ ನನ್ನ ತಕರಾರು ಅಷ್ಟೇನಿಲ್ಲ. 2023ರಲ್ಲಿ ಶುರುವಾದ ಅದರ ರನ್‌ವೇಯೇ ಮೂರು ಕಿಲೋಮೀಟರ್ ಮೀರುತ್ತದೆ. ಅಕ್ಕಪಕ್ಕ ಮರವಿಲ್ಲ, ನೆಲ ಮಟ್ಟ, ಹುಲ್ಲು ಬೆಳೆದರೆ ಹುಳ, ಹುಳದ ಹಿಂದೆ ಹಕ್ಕಿ, ಹಕ್ಕಿಯಿಂದ ವಿಮಾನಕ್ಕೆ ಅಪಾಯ. ಅಲ್ಲಿ ಬೇಕಾದರೆ ಓಡಲಿ, ಹಗಲು ಹೊತ್ತು. ರೆಸಾರ್ಟಿನ ಲಾನಿಗೆ ಬಂದರೆ, ಕಾಡಿನ ನಡುವೆ ಮೆಕ್ಸಿಕನ್ ಹುಲ್ಲು ಹಾಸಿ, ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬಿಟ್ಟು, ಅದನ್ನು ಕತ್ತರಿಸಲು ಯಾರು ಬೇಕೆಂದು ನಮ್ಮಿಬ್ಬರ ಕೈಲಿ ಬರೆಸುತ್ತಿರುವುದೇ ನನಗೆ ವಿಚಿತ್ರ. ಆದರೆ ಸಂಪಾದಕರು ಕೇಳಿದ್ದು ಆ ಪ್ರಶ್ನೆಯಲ್ಲ.