ಹತ್ತು ಅಕ್ಷರದ ಗುಟ್ಟು

ಬದಿಯಡ್ಕದಲ್ಲಿ ಭಾವನದ್ದು ಅಡಿಕೆ ಅಂಗಡಿ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಲ್ಲದರ ಲೆಕ್ಕವೂ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. ಅದಕ್ಕೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟವನು ನಾನು. ಸಂಜೆ ಲೆಕ್ಕಕ್ಕೆ ಬೀಗ ಹಾಕಿ ಪೆನ್‌ಡ್ರೈವಿಗೆ ಕಳಿಸುವ ಸ್ಕ್ರಿಪ್ಟನ್ನೂ, ಅಂದರೆ ಆಜ್ಞೆಗಳ ಪಟ್ಟಿಯನ್ನೂ ಬರೆದುಕೊಟ್ಟೆ.

ಮೊದಲ ದಿನ ಭಾವ ಒಂದೇ ಬೆರಳಲ್ಲಿ ಪಾಸ್‌ವರ್ಡ್ ಕುಟ್ಟಿದರು. ಕಪ್ಪು ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡದಾಗಿ ಬಂತು: ಮಾವಜಿಪುಣ.

ಭಾವನ ಮಾವ ಅಂದರೆ ನನ್ನ ಅಪ್ಪ. ಅಡಿಕೆ ಗೋಣಿ ತೆಗೆದುಕೊಂಡು ಅದೇ ಅಂಗಡಿಗೆ ಬರುವವರು.

ಬದಲಿಸಿ ಭಾವ ಅಂದೆ. “ಬೇರೆ ಇಟ್ಟರೆ ಮರೆತುಹೋಗ್ತದೆ ಮಾರಾಯ. ಇದು ಮರೆಯುವುದಿಲ್ಲ.”

ಹಾಗಾದರೆ ಮುಚ್ಚಲೇಬೇಕು. ಸ್ಕ್ರಿಪ್ಟಿನಲ್ಲಿ ರೀಡ್ ಮೈನಸ್ ಎಸ್ ಅಂತ ಬರೆದರೆ ಟೈಪ್ ಮಾಡಿದ್ದು ಕಾಣುವುದಿಲ್ಲ. ಬರೆದು, ಆಜ್ಞೆ ಓದಿ ನಡೆಸುವ ಎಸ್‌ಎಚ್ ಎಂಬ ಪ್ರೋಗ್ರಾಮಿನಲ್ಲಿ ಓಡಿಸಿದೆ. ‘ಇಲ್ಲೀಗಲ್ ಆಪ್ಷನ್’ ಅಂದಿತು. ಆ ಮೈನಸ್ ಎಸ್ ಬ್ಯಾಶ್ ಎಂಬ ಅಂಥದ್ದೇ ಇನ್ನೊಂದು ಪ್ರೋಗ್ರಾಮಿಗೆ ಗೊತ್ತು. ಉಬುಂಟುವಿನಲ್ಲಿ 2006ರಿಂದ ಎಸ್‌ಎಚ್ ಅಂದರೆ ಡ್ಯಾಶ್, ಅದಕ್ಕೆ ಗೊತ್ತಿಲ್ಲ. ಎಸ್‌ಎಚ್ ಬದಲು ಬ್ಯಾಶ್ ಅಂದಿದ್ದರೆ ಸಾಕಿತ್ತು. ನಾನು ಹುಷಾರಿ ಅಲ್ವಾ, ಎಸ್‌ಟಿಟಿವೈ ಮೈನಸ್ ಎಕೋ ಹಾಕಿದೆ. ಅದು ಟರ್ಮಿನಲ್ಲಿನ, ಅಂದರೆ ಆ ಕಪ್ಪು ಪರದೆಯ ಬಾಯಿಯನ್ನೇ ಕಟ್ಟುತ್ತದೆ. ಬಿಚ್ಚುವುದು ನಮ್ಮ ಕೆಲಸ.

ಮರುದಿನ ಫೋನ್. “ಎಂತ ಮಾರಾಯ, ಒತ್ತಿದರೆ ಎಂತದೂ ಬರುವುದಿಲ್ಲ. ಕೀಬೋರ್ಡಿನೊಳಗೆ ಇರುವೆ ಹೋಯ್ತಾ?”

“ಹೋಗ್ತಾ ಉಂಟು ಭಾವ, ಕಾಣುವುದಿಲ್ಲ ಅಷ್ಟೆ.”

“ಒಂದು ಚುಕ್ಕಿಯಾದ್ರೂ ಬೇಡವಾ?”

ಚುಕ್ಕಿ ಎಣಿಸಿದರೆ ಎಷ್ಟು ಅಕ್ಷರ ಅಂತ ಗೊತ್ತಾಗುತ್ತದೆ ಅಂತ ನಾನು ಪಾಠ ಶುರು ಮಾಡುವಷ್ಟರಲ್ಲಿ ಭಾವ ಎರಡೆರಡು ಸಲ ಟೈಪ್ ಮಾಡಿ ಎಂಟರ್ ಹೊಡೆದಾಗಿತ್ತು. ಪಾಸ್‌ವರ್ಡ್ ತಪ್ಪು. ತಪ್ಪಾದರೆ ನನ್ನ ಸ್ಕ್ರಿಪ್ಟ್ ಅಲ್ಲಿಂದಲೇ ಎದ್ದು ಹೋಗುತ್ತದೆ. ಬಾಯಿ ಬಿಚ್ಚುವ ಸಾಲು ಇದ್ದದ್ದು ಅದಕ್ಕಿಂತ ಕೆಳಗೆ. ಈಗ ಏನು ಒತ್ತಿದರೂ ಪರದೆ ಮೌನ. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ, ಕಟ್ಟಿದ ಬಾಯಿ ಬಿಚ್ಚುವ ‘ಎಸ್‌ಟಿಟಿವೈ ಸೇನ್’ ಅಂತ ಕುರುಡಾಗಿ ಟೈಪ್ ಮಾಡಿಸುವಾಗ ನನ್ನ ಚಾ ತಣ್ಣಗಾಯಿತು.

ಬಾಯಿ ಬಿಚ್ಚುವ ಸಾಲನ್ನು ಸ್ಕ್ರಿಪ್ಟಿನಲ್ಲಿ ಮೇಲೆ ತಂದೆ. ಶನಿವಾರ ಅಪ್ಪನ ಜೊತೆ ಅಂಗಡಿಗೆ ಹೋದೆ. ಅಪ್ಪ ತೂಕದ ಮೆಷಿನ್ನಿನ ಕೆಂಪು ಅಂಕೆಯನ್ನೇ ನೋಡುತ್ತಾ ನಿಂತಿದ್ದರು. ಭಾವ ಲೆಕ್ಕ ಮುಚ್ಚಲು ಕೂತರು. ಪರದೆಯಲ್ಲಿ ಒಂದಕ್ಷರ ಇಲ್ಲ. ನನಗೆ ಖುಷಿಯೋ ಖುಷಿ. ಕಾಣುವುದಿಲ್ಲವಲ್ಲ, ತಪ್ಪಬಾರದು ಅಂತ ಭಾವ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಂಡು ಒತ್ತಿದರು. “ಎಂ... ಎ... ವಿ... ಎ... ಜೆ...”

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಬೆರಳು ಮಡಚುತ್ತಾ ಕೇಳಿದರು, “ಜೆ ಆದ ಮೇಲೆ ಐ ಅಲ್ವಾ ಅವ ಹೇಳಿದ್ದು?”